ಇಪ್ಪತ್ತು ಗೋಳಿಬಜೆ, ನಾಲ್ಕು ಮಂದಿ

ಸರಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕಿ ಎಂದರೆ ಸಾರಿನ ಕರಿಬೇವು. ಕುದಿಯುವಾಗ ಬೇಕು, ಉಣ್ಣುವಾಗ ಎಲೆಯ ಬದಿಗೆ. ಬಾಗಿಲು ತೆಗೆಯುವುದರಿಂದ ಹಿಡಿದು ಮಕ್ಕಳ ಮೂಗು ಒರೆಸುವವರೆಗೆ ಎಲ್ಲದಕ್ಕೂ ಅವಳೇ ಆಗಬೇಕು. ಮಾರ್ಚ್ ಮುಗಿಯಿತೋ, ಅವಳು ಯಾರೋ, ಶಾಲೆ ಯಾವುದೋ. ವಿನೋದಾ ಟೀಚರ್ ಇಂಥ ನಾಲ್ಕು ಮಾರ್ಚುಗಳನ್ನು ಕಂಡವಳು. ಲಾಯಿಲದ ಮನೆಯಿಂದ ಎರಡು ಬಸ್ಸು ಹಿಡಿದು, ಸಿದ್ಧಕಟ್ಟೆಯಲ್ಲಿ ಇಳಿದು, ಅಲ್ಲಿಂದ ಒಂದೂವರೆ ಮೈಲು ನಡೆದು ಶಾಲೆ ಸೇರುತ್ತಿದ್ದಳು. ಮಕ್ಕಳು ಎದ್ದು ನಿಂತು "ನಮಸ್ತೇ ಟೀಚರ್" ಎಂದು ರಾಗ ಎಳೆದರೆ ಗುಡ್ಡ ಹತ್ತಿದ ಆಯಾಸ ಇಳಿಯುತ್ತಿತ್ತು. ಅವಳಿಗೆ ಆ ಶಾಲೆಯೆಂದರೆ ಪ್ರೀತಿ, ಅದೇ ಅವಳ ತಪ್ಪು.

ಈ ವರ್ಷ ಮೇಲಿನಿಂದ 'ಗುಣಭಾಗ ಅಭಿಯಾನ' ಇಳಿಯಿತು. ನಾಲ್ಕನೇ ತರಗತಿಯ ಪ್ರತಿ ಮಗುವಿಗೂ ಗುಣಾಕಾರ, ಭಾಗಾಕಾರ ಬರಬೇಕು. ಬಂದಿದೆ ಎಂದು ಟ್ಯಾಬಿನಲ್ಲಿ ಕಾಣಬೇಕು. ಮೊದಲನೆಯದು ಆಗದಿದ್ದರೂ ನಡೆಯುತ್ತದೆ, ಎರಡನೆಯದು ಆಗಲೇಬೇಕು. ಹೆಡ್ಮಾಸ್ಟ್ರು ಚಿನ್ನಯ್ಯನವರು ಸುತ್ತೋಲೆಯನ್ನು ಎರಡು ಸಲ ಓದಿ ಕನ್ನಡಕ ತೆಗೆದರು.

"ಟೀಚರ್, ನಾಲ್ಕನೇ ಕ್ಲಾಸ್ ನಿಮ್ಮದು. ನೂರಕ್ಕೆ ನೂರು ಬಂದ್ರೆ ಬರುವ ಜೂನಿಗೂ ನೀವೇ ಬೇಕು ಅಂತ ನಾನೇ ಬರೆದು ಕೊಡ್ತೇನೆ. ಬರದಿದ್ರೆ ನನ್ನ ಕೈಯಲ್ಲಿ ಏನೂ ಇಲ್ಲ ಮಾರಾಯ್ರೆ."

ನೂರು ಬಂದರೆ ಅವರ ಕೈಯಲ್ಲಿ ಏನಿರುತ್ತದೆ ಎಂದು ವಿನೋದಾ ಕೇಳಲಿಲ್ಲ. ಕೇಳಬೇಕಿತ್ತು. ಜೂನಿನ ಹೆಸರು ಕೇಳಿದ್ದೇ ಅವಳ ಬುದ್ಧಿಗೆ ಮಂಕು ಕವಿದಿತ್ತು.

ನಾಲ್ಕನೇ ತರಗತಿಯಲ್ಲಿ ಇದ್ದದ್ದು ನಾಲ್ಕೇ ಮಕ್ಕಳು: ಅಶ್ವಿತ್, ಸಾತ್ವಿಕಾ, ಸಿನಾನ್, ಹಸ್ನಾ. ಬೆಳಿಗ್ಗೆ ಮಗ್ಗಿ, ಊಟದ ಮೊದಲು ಗುಣಾಕಾರ, ಊಟದ ನಂತರ ಭಾಗಾಕಾರ. ವಿನೋದಾ ಮನೆಯಿಂದ ಅಳಗುಳಿ ಆಟದ ಚೆನ್ನೆಮಣೆ ತಂದು, ಗುಳಿಗೆ ನಾಲ್ಕರಂತೆ ಕಾಯಿ ಹಾಕಿಸಿ ಹಂಚುವುದನ್ನು ಕಲಿಸಲು ಹೊರಟಳು. ಹೆಡ್ಮಾಸ್ಟ್ರು ಬಾಗಿಲಲ್ಲೇ ತಡೆದು, "ಮಳೆಗಾಲದ ಆಟಿ ತಿಂಗಳು ಕಳೆದ ಮೇಲೆ ಚೆನ್ನೆಮಣೆ ಆಡಬಾರದು, ಶಾಲೆಗೆ ಒಳ್ಳೆದಲ್ಲ" ಎಂದು ಅದನ್ನು ಕಪಾಟಿನ ಮೇಲೆ ಇಡಿಸಿದರು. ವಿಜ್ಞಾನ ಪಾಠ ಮಾಡುವವರೂ ಅವರೇ. ಆಮೇಲೆ ಕರಿಹಲಗೆಯೇ ಗತಿಯಾಯಿತು. ಹಸ್ನಾಳಿಗೆ ಏಳರ ಮಗ್ಗಿ ಅರ್ಧದಲ್ಲಿ ಕೈಕೊಡುತ್ತಿತ್ತು, ಅಶ್ವಿತ್‌ಗೆ ಶೇಷ ಉಳಿದರೆ ಅಳು ಬರುತ್ತಿತ್ತು. ಜನವರಿಯ ಹೊತ್ತಿಗೆ ನಾಲ್ವರೂ ಶೇಷದ ಲೆಕ್ಕವನ್ನು ತಪ್ಪಿಲ್ಲದೆ ಬಿಡಿಸಿದರು. ಆ ದಿನ ವಿನೋದಾ ಬಸ್ಸಿನಲ್ಲಿ ನಿಂತುಕೊಂಡೇ ಒಬ್ಬಳೇ ನಕ್ಕಳು.

ಪರೀಕ್ಷೆಯ ದಿನ ಅಭಿಯಾನದ ಜಿತೇಶ್ ಸರ್ ಜೀಪಿನಲ್ಲಿ ಬಂದರು. ಡ್ರೈವರ್ ಚನಿಯಪ್ಪ ಜೀಪನ್ನು ನೆರಳಿಗೆ ಹಾಕಿ ಜಗಲಿಯಲ್ಲಿ ಕುಳಿತ. ವಿನೋದಾ ಸ್ಲೇಟು, ಪುಸ್ತಕ ಎಲ್ಲ ಜೋಡಿಸಿ ಇಟ್ಟಿದ್ದಳು. ಜಿತೇಶ್ ಸರ್ ಅವುಗಳ ಕಡೆ ನೋಡಲೂ ಇಲ್ಲ.

"ಬರೆಸುವುದು ಈಗ ಇಲ್ಲ ಟೀಚರ್. ನಿನ್ನೆ ಹೊಸ ಸುತ್ತೋಲೆ ಬಂತು. ನಿಜವಾದ ವಸ್ತು ಹಂಚಿಸಿ, ತಟ್ಟೆಯ ಫೋಟೋ ಕಳಿಸ್ಬೇಕು. ಇಪ್ಪತ್ತು ವಸ್ತು, ನಾಲ್ಕು ಮಕ್ಕಳು."

ಅಧಿಕಾರಿಗಳು ಬಂದ ದಿನ ಹೆಡ್ಮಾಸ್ಟ್ರಿಗೆ ಹತ್ತು ಕೈ. ಸ್ಕೂಟರ್ ಹಿಡಿದು ಸಿದ್ಧಕಟ್ಟೆಗೆ ಓಡಿ, ಹೋಟೆಲಿನಿಂದ ಆಗಷ್ಟೇ ಎಣ್ಣೆಯಿಂದ ತೆಗೆದ ಇಪ್ಪತ್ತು ಬಿಸಿ ಗೋಳಿಬಜೆ ಕಟ್ಟಿಸಿಕೊಂಡು ಬಂದರು. ಬಿಸಿಯೂಟದ ಬೀಯಮ್ಮ ಅದನ್ನು ದೊಡ್ಡ ತಟ್ಟೆಗೆ ಸುರಿದಳು. ಯಾರು ಹಂಚಬೇಕು ಎಂಬುದನ್ನು ಟ್ಯಾಬೇ ಆರಿಸಿತು. ಹಸ್ನಾಳ ಹೆಸರು ಬಂತು. ಅವಳು ಮಾಡಿದ್ದೇ ಇಡೀ ತರಗತಿಯ ಅಂಕವಂತೆ.

ಹಸ್ನಾ ಪೇಟೆಯಲ್ಲಿ ದಿನಸಿ ಅಂಗಡಿ ಇಟ್ಟ ಉಮ್ಮರ್ ಬ್ಯಾರಿಯ ಮಗಳು. ಆ ಮನೆಯಲ್ಲಿ, ಹಾಗೆ ನೋಡಿದರೆ ಆ ಊರಿನ ಯಾವ ಮನೆಯಲ್ಲೂ, ಬಂದವರು ನೋಡುತ್ತಾ ಇರುವಾಗ ಮಕ್ಕಳು ತಟ್ಟೆಗೆ ಕೈ ಹಾಕುವುದಿಲ್ಲ. ಅವಳು ಕೈ ತೊಳೆದು ಬಂದು ಎಲ್ಲರನ್ನೂ ಒಮ್ಮೆ ಎಣಿಸಿದಳು. ಮೊದಲ ಎರಡು ಜಿತೇಶ್ ಸರ್‌ಗೆ, ಜಗಲಿಗೆ ಹೋಗಿ ಚನಿಯಪ್ಪನಿಗೆ ಎರಡು, ಹೆಡ್ಮಾಸ್ಟ್ರಿಗೆ, ಟೀಚರಿಗೆ, ಬೀಯಮ್ಮನಿಗೆ ಎರಡೆರಡು, ಕೊನೆಗೆ ತಮ್ಮ ನಾಲ್ವರಿಗೆ. ಯಾರೂ ಬೇಡ ಎನ್ನಲಿಲ್ಲ. ಬಿಸಿ ಗೋಳಿಬಜೆಯನ್ನು ಬೇಡ ಎನ್ನುವವರು ಆ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ.

"ಒಂಬತ್ತು ಮಂದಿ ಸರ್. ಒಂಬತ್ತೆರಡ್ಲ ಹದಿನೆಂಟು. ಒಬ್ಬರಿಗೆ ಎರಡು, ಶೇಷ ಎರಡು."

"ಆ ಎರಡು ಯಾರಿಗೆ?"

"ಯಾರಾದ್ರೂ ಬಂದ್ರೆ ಬೇಕಲ್ಲ ಸರ್."

ವಿನೋದಾಳ ಎದೆ ತುಂಬಿ ಬಂತು. ಕೇಳಿದ್ದಕ್ಕಿಂತ ಕಷ್ಟದ ಲೆಕ್ಕವನ್ನು ಹುಡುಗಿ ನಿಂತಲ್ಲೇ ಬಿಡಿಸಿದ್ದಳು, ಶೇಷ ಸಮೇತ. ಜಿತೇಶ್ ಸರ್ ಎರಡನೇ ಗೋಳಿಬಜೆ ನುಂಗಿ ತಲೆ ಅಲ್ಲಾಡಿಸಿದರು.

"ತಪ್ಪು. ಉತ್ತರ ಐದು. ಎರಡು ಅಂತ ಹಾಕಿದ್ರೆ ಟ್ಯಾಬ್ ತೆಗೊಳ್ಳುವುದಿಲ್ಲ, ಶಾಲೆ ಕೆಂಪು ಆಗ್ತದೆ."

"ಕೆಂಪು ಬೇಡ ಸರ್, ಇನ್ನೊಮ್ಮೆ ಮಾಡುವ" ಎಂದು ಹೆಡ್ಮಾಸ್ಟ್ರು ಮತ್ತೆ ಸ್ಕೂಟರ್ ಏರಿದರು. ಅವರು ಬರುವಷ್ಟರಲ್ಲಿ ಜಿತೇಶ್ ಸರ್ ಶೇಷವನ್ನೂ ಮುಗಿಸಿದ್ದರು. ಸಿದ್ಧಕಟ್ಟೆಯ ಹೋಟೆಲಿನವರಿಗೆ ಆ ದಿನ ಶಿಕ್ಷಣದ ಮೇಲೆ ಭಾರಿ ಗೌರವ ಮೂಡಿರಬೇಕು.

ಹೊಸ ಇಪ್ಪತ್ತು ಬಂತು. ಹಸ್ನಾ ಮತ್ತೆ ಎರಡನ್ನು ಎತ್ತಿಕೊಂಡು ನೇರ ಜಿತೇಶ್ ಸರ್ ಬಳಿ ಹೋದಳು. ಅವರು ಹಾವು ಕಂಡವರಂತೆ ಹಿಂದೆ ಸರಿದರು.

"ಟೀಚರ್, ನೀವೇ ಹೇಳಿ ಕೊಡಿ ಇವಳಿಗೆ!"

ಎಲ್ಲರೂ ವಿನೋದಾಳನ್ನು ನೋಡಿದರು. ಹುಡುಗಿ ಸರಿ ಎಂದರೆ ಜೂನ್ ಹೋಯಿತು. ತಪ್ಪು ಎಂದರೆ ಏನು ಹೋಗುತ್ತದೆ ಎಂದು ಯೋಚಿಸಲು ಅವಳಿಗೆ ಧೈರ್ಯ ಬರಲಿಲ್ಲ. ಬಗ್ಗಿ ಹಸ್ನಾಳ ಭುಜ ಹಿಡಿದಳು.

"ನೀವು ನಾಲ್ಕು ಮಂದಿ ಮಾತ್ರ ಮಗಾ. ಬಂದವರನ್ನು ಬಿಡು. ಬೀಯಮ್ಮನನ್ನೂ ಬಿಡು. ನನ್ನನ್ನೂ ಲೆಕ್ಕಕ್ಕೆ ಹಿಡಿಯಬೇಡ."

"ನೀವು ಇಲ್ಲೇ ಇದ್ದೀರಲ್ಲ ಟೀಚರ್?"

"ಇದ್ದೇನೆ. ಆದ್ರೂ ಹಿಡಿಯಬೇಡ."

ಹಸ್ನಾ ಬೀಯಮ್ಮನ ಮುಖವನ್ನೊಮ್ಮೆ, ಟೀಚರ ಮುಖವನ್ನೊಮ್ಮೆ ನೋಡಿದಳು. ನಾಲ್ಕು ತಟ್ಟೆಗಳಿಗೆ ಐದೈದು ಹಾಕಿದಳು. ಫೋಟೋ ತೆಗೆದಾಯಿತು. ವಿನೋದಾಳಿಗೆ ಮಗುವಿಗೆ ಸುಳ್ಳು ಕಲಿಸಿದಷ್ಟು ನಾಚಿಕೆಯಾಯಿತು.

ಟ್ಯಾಬ್ ಎರಡು ನಿಮಿಷ ತಿರುಗಿ ಹಸಿರಾಯಿತು. ಜಿತೇಶ್ ಸರ್ ಹೆಡ್ಮಾಸ್ಟ್ರ ಕೈ ಕುಲುಕಿದರು.

"ನೂರಕ್ಕೆ ನೂರು! ಇನ್ನು ನಿಮಗೆ ಚಿಂತೆ ಇಲ್ಲ. ಗುರಿ ಮುಟ್ಟಿದ ಶಾಲೆಗೆ ಅತಿಥಿ ಶಿಕ್ಷಕರು ಬೇಡ ಅಂತ ಇದರಲ್ಲೇ ಬಂತು ನೋಡಿ. ಈ ಪೋಸ್ಟ್ ಯಾವುದಾದ್ರೂ ಕೆಂಪು ಶಾಲೆಗೆ ಹೋಗ್ತದೆ."

ಹೆಡ್ಮಾಸ್ಟ್ರು ಸ್ಕೂಟರಿನ ಕೀಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

"ಹಾಗಾದ್ರೆ ನನಗೆ ಜೂನಿಗೆ?" ವಿನೋದಾ ಕೇಳಿದಳು.

"ಅದು ಇದರಲ್ಲಿ ಬರುವುದಿಲ್ಲ ಟೀಚರ್. ಇದರಲ್ಲಿ ಮಕ್ಕಳ ಸಂಖ್ಯೆ ಮಾತ್ರ ಉಂಟು."

ಅವಳಿಗೆ ಸಿಟ್ಟು ಬಂತು, ಅಳುವಷ್ಟು ಸಿಟ್ಟು. ಆದರೆ ಅದನ್ನು ಯಾರ ಮೇಲೆ ಹಾಕುವುದು? ತನ್ನನ್ನು ಲೆಕ್ಕಕ್ಕೆ ಹಿಡಿಯಬೇಡ ಎಂದು ಬಾಯಿಬಿಟ್ಟು ಹೇಳಿದವಳು ತಾನೇ. ತಿರುಗಿ ನೋಡಿದರೆ ಮೂವರು ಮಕ್ಕಳು ತಿನ್ನುತ್ತಿದ್ದರು, ಹಸ್ನಾ ಮಾತ್ರ ತನ್ನ ಐದನ್ನು ಮುಟ್ಟದೆ ಕೂತಿದ್ದಳು. ವಿನೋದಾ ಅವಳ ಪಕ್ಕ ನೆಲದಲ್ಲೇ ಕುಳಿತಳು.

"ಹಸ್ನಾ, ನೀನು ಮೊದಲು ಮಾಡಿದ ಲೆಕ್ಕವೇ ಸರಿ. ಇಲ್ಲಿ ಒಂಬತ್ತು ಮಂದಿಯೇ ಇದ್ದದ್ದು."

ಜಿತೇಶ್ ಸರ್ ಗಾಬರಿಯಿಂದ ಟ್ಯಾಬನ್ನು ಎದೆಗೆ ಒತ್ತಿಕೊಂಡರು. "ಹಾಗೆಲ್ಲ ಹೇಳ್ಬೇಡಿ ಟೀಚರ್, ಕಳಿಸಿ ಆಯ್ತು. ಇನ್ನು ತಿದ್ದಲಿಕ್ಕೆ ಬರುವುದಿಲ್ಲ."

"ಅದನ್ನು ತಿದ್ದುವುದು ಬೇಡ ಸರ್," ಎಂದಳು ವಿನೋದಾ. "ನಾನು ಇವಳಿಗೆ ಹೇಳಿ ಕೊಟ್ಟದ್ದನ್ನು ತಿದ್ದುತ್ತಾ ಇದ್ದೇನೆ."