ಸೊಣ್ಣಮ್ಮ ಗೇರ್‌ಬಾಕ್ಸ್ ನೋಡಿದ್ದು

ಸೊಣ್ಣಮ್ಮ ಕಾಫಿ ಲೋಟವನ್ನು ಬೆಂಚಿನ ಮೇಲಿಟ್ಟು ಗಂಡನ ಭುಜ ಹಿಡಿದು ಅಲುಗಿಸಿದಳು. ಭುಜ ತಣ್ಣಗಿತ್ತು. ಸೋಮವಾರ ಬೆಳಿಗ್ಗೆ ಆರು ಗಂಟೆ. ಚನ್ನಕೇಶವ ಸ್ಟೂಲಿನ ಮೇಲೆ ಕುಳಿತಂತೆಯೇ, ರಾತ್ರಿ ಕೂತು ಮುಚ್ಚಳ ಬಿಗಿದ ಗೇರ್‌ಬಾಕ್ಸಿನ ಮೇಲೆ ಕೆನ್ನೆಯಿಟ್ಟು ಹೊರಟುಹೋಗಿದ್ದ. ಸ್ಪ್ಯಾನರ್ ಇನ್ನೂ ಬೆರಳುಗಳ ನಡುವೆಯೇ ಇತ್ತು.

ಆಕೆಯ ಕೂಗಿಗೆ ಮೊದಲು ಓಡಿಬಂದವನು ಸುರೇಶ. ಗೊರಗುಂಟೆಪಾಳ್ಯದ ಆ ಗಾಡಿ ರಿಪೇರಿ ಶೆಡ್ಡಿನಲ್ಲಿ ಇಪ್ಪತ್ತು ವರ್ಷಗಳಿಂದ ಚನ್ನಕೇಶವನ ಜೊತೆಗಿದ್ದ ಮೆಕ್ಯಾನಿಕ್. ಹತ್ತು ಗಂಟೆಯ ಹೊತ್ತಿಗೆ ಹುಟ್ಟೂರು ಚಿಕ್ಕಜಾಲದಿಂದ ಚನ್ನಕೇಶವನ ಅಣ್ಣ ಚಿಕ್ಕಮಾರಯ್ಯ, ಅವನ ಹೆಂಡತಿ ರತ್ನವ್ವ, ಅವರ ಹಿಂದೆ ಅರ್ಧ ಊರೇ ಬಂದಿಳಿಯಿತು.

ದೇಹವನ್ನು ಅಂಗಳದಲ್ಲಿ ಚಾಪೆಯ ಮೇಲೆ ಮಲಗಿಸಿದ್ದರು. ಅದರಾಚೆ, ಕಲ್ಲುಗಳ ಮೇಲೆ ಎತ್ತಿ ನಿಲ್ಲಿಸಿದ ಒಂದು ಹಳೆಯ ವ್ಯಾನು. ಊರವರೆಲ್ಲ ಕೂಡಿ ಕೊಂಡ ವ್ಯಾನು ಅದು. ಚಿಕ್ಕಜಾಲದಲ್ಲಿ ಯಾರು ತೀರಿಕೊಂಡರೂ ಹೊತ್ತೊಯ್ಯುವುದು ಅದೇ. ಗೇರ್‌ಬಾಕ್ಸ್ ಕೆಟ್ಟು ಹದಿನೈದು ದಿನಗಳಿಂದ ಇಲ್ಲಿ ನಿಂತಿತ್ತು.

"ಸೋಮವಾರ ನಾನೇ ಗಾಡಿ ತಂದು ಬುಡ್ತೀನಿ ಕಣಣ್ಣ ಅಂದಿದ್ದ," ಎಂದು ಚಿಕ್ಕಮಾರಯ್ಯ ಟವಲಿನಿಂದ ಕಣ್ಣೊರೆಸಿಕೊಂಡ.

"ಈಗ್ಯಾಕೆ ಆ ಮಾತು? ಬಾಡಿಗೆ ಗಾಡಿ ಕರ್ಸಿ," ಎಂದಳು ರತ್ನವ್ವ. "ಒತ್ತು ಮುಳುಗೋದ್ರೊಳಗೆ ಮಣ್ಣಾಗ್ಬೇಕು."

ಸೊಣ್ಣಮ್ಮ ಮುಖವೆತ್ತಿದಳು. "ಬೇಡ ಭಾವ. ಅವರು ಮಾತು ಕೊಟ್ಟವ್ರೆ. ಇದೇ ಗಾಡೀಲಿ ಊರಿಗೆ ಹೋಗ್ಲಿ. ಸುರೇಶ, ಬಾಕ್ಸ್ ಕೂರ್ಸೋಕೆ ಎಷ್ಟೊತ್ತು?"

"ಮೂರು ಗಂಟೆ ಅಕ್ಕ. ಅಣ್ಣನ ಕೈಲಿ ಬಿಗಿದಿರೋದು, ಸೀದಾ ಎತ್ತಿ ಕೂರ್ಸೋದೇ."

"ನೋಡದೆ ಕೂರ್ಸೋದು ಬೇಡ," ಎಂದು ಸೊಣ್ಣಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದಳು.

*

ಮದುವೆಯಾಗಿ ಎರಡನೆಯ ವರ್ಷ. ಬೆಂಚು ಒರೆಸುತ್ತಿದ್ದ ಸೊಣ್ಣಮ್ಮ ಸುಮ್ಮನೆ ಒಂದು ಟೆಂಪೊದ ಗೇರ್‌ಬಾಕ್ಸಿನ ಶಾಫ್ಟು ತಿರುಗಿಸಿದ್ದಳು. ಅನ್ನದಲ್ಲಿ ಕಲ್ಲು ಸಿಕ್ಕಂತೆ ಒಳಗೇನೋ ಬೆರಳಿಗೆ ತಾಕಿತು. ಗಿರಾಕಿಗಳು ನಿಂತಿದ್ದರು. ಆಕೆ ಬಾಯಿಬಿಡಲಿಲ್ಲ. ಮರುದಿನ ಆ ಟೆಂಪೊ ಯಶವಂತಪುರದ ಮಾರ್ಕೆಟ್ಟಿಗೆ ಈರುಳ್ಳಿ ಹೊತ್ತು ಹೋಗುವಾಗ ನಡುರಸ್ತೆಯಲ್ಲಿ ಗೇರು ಕಚ್ಚಿಕೊಂಡು ನಿಂತಿತು. ಹಿಂದಿನಿಂದ ಬಂದ ಬಸ್ಸು ಕೂದಲೆಳೆಯ ಅಂತರದಲ್ಲಿ ತಪ್ಪಿತು.

ಚನ್ನಕೇಶವ ಆ ದಿನ ತಟ್ಟೆಯ ಮುಂದೆ ಕೂತರೂ ಉಣ್ಣಲಿಲ್ಲ. ಆಕೆ ಅಳುತ್ತ ಹೇಳಿದಳು, "ನನ್ನ ಕೈಗೆ ಗೊತ್ತಾಗಿತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನಾಲ್ಕು ಜನರ ಮುಂದೆ ನಿಮ್ಮ ತಪ್ಪು ಹೆಂಗೆ ಹೇಳ್ಲಿ?"

"ಊರೇ ಸೇರಿರ್ಲಿ, ಹೇಳು. ಗಾಡಿ ಹತ್ತೋರಿಗೂ ಮನೇಲಿ ಕಾಯೋರು ಇರ್ತಾರೆ."

ಅಂದಿನಿಂದ ಗೇರ್‌ಬಾಕ್ಸ್ ಕಟ್ಟುವುದು ಅವನ ಕೆಲಸ, ಬೆಳಿಗ್ಗೆ ಗಿರಾಕಿಗಳು ಬರುವ ಮೊದಲೇ ತಿರುಗಿಸಿ ನೋಡುವುದು ಆಕೆಯದು. ಸರಿಯಿದ್ದರೆ "ಆಗಲಿ" ಎನ್ನುವಳು, ಇಲ್ಲದಿದ್ದರೆ "ಬಿಚ್ರಿ". ಅವನು ಒಮ್ಮೆಯೂ ಯಾಕೆಂದು ಕೇಳಲಿಲ್ಲ.

*

"ಗಂಡನ ಎಣ ಅಂಗಳದಾಗೈತೆ, ಇವಳು ಕಬ್ಣ ತಿರುವ್ತಾಳಂತೆ!" ರತ್ನವ್ವನ ದನಿ ಬೀದಿಗೂ ಕೇಳಿಸಿತು.

ಸೊಣ್ಣಮ್ಮ ಆಗಲೇ ಕಣ್ಣು ಮುಚ್ಚಿದ್ದಳು. ಬಲಗೈ ಮುಂದಿನ ಶಾಫ್ಟಿನ ಮೇಲೆ, ಎಡಗೈ ಹಿಂದಿನದರ ಮೇಲೆ. ನ್ಯೂಟ್ರಲ್‌ನಲ್ಲಿ ಮುಂದಿನದು ತಿರುಗಿತು, ಹಿಂದಿನದು ಅಲುಗಲಿಲ್ಲ. ಒಂದನೇ ಗೇರು. ಮುಂದಿನದು ನಾಲ್ಕು ಸುತ್ತು, ಹಿಂದಿನದು ಒಂದು. ಬೆಣ್ಣೆಯಂತೆ ಜಾರಿತು. ಜನ ಒಬ್ಬೊಬ್ಬರಾಗಿ ಬೆಂಚಿನ ಸುತ್ತ ಸೇರಿದರು. ಎರಡು, ಮೂರು. ಟಾಪ್ ಗೇರಿನಲ್ಲಿ ಎರಡೂ ಶಾಫ್ಟುಗಳು ಜೊತೆಜೊತೆಯಾಗಿ ತಿರುಗಿದವು. ರಿವರ್ಸಿನಲ್ಲಿ ಹಿಂದಿನದು ಉಲ್ಟಾ ತಿರುಗಿತು.

"ಯಾ ಅಲ್ಲಾ!" ಎಂದ ಮೂವತ್ತು ವರ್ಷಗಳಿಂದ ಗಿರಾಕಿಯಾಗಿದ್ದ ಟೆಂಪೊ ಅನ್ವರ್. "ನಮ್ ಗಾಡಿಗಳ್ನೆಲ್ಲ ಪಾಸ್ ಮಾಡ್ತಿದ್ದೋರು ನೀವಾ ಅಮ್ಮ? ನಾನು ನಿಮ್ಮತ್ರ ಬರೀ ಟೀ ಕೇಳ್ತಿದ್ದೆನಲ್ಲ!"

"ಸಕ್ಕರೆ ಸಾಲ್ದು ಅಂತ ಗಲಾಟೆ ಬೇರೆ," ಎಂದ ಸುರೇಶ. ಅಳುತ್ತಿದ್ದವರೂ ನಕ್ಕರು.

ಕಡೆಯ ಪರೀಕ್ಷೆಯೊಂದು ಉಳಿದಿತ್ತು. ಒಂದು ಗೇರು ಬಿದ್ದಿರುವಾಗ ಇನ್ನೊಂದು ಬೀಳಬಾರದು. ಸೊಣ್ಣಮ್ಮ ಮತ್ತೆ ಒಂದನೇ ಗೇರಿಗೆ ಹಾಕಿ, ಮೇಲಿನ ತೂತಿನಿಂದ ಸ್ಕ್ರೂಡ್ರೈವರ್ ಇಳಿಸಿ ಟಾಪ್ ಗೇರನ್ನು ತಳ್ಳಿದಳು. ಅದು ಕಟಕ್ಕೆಂದು ಒಳಗೆ ಹೋಯಿತು. ಶಾಫ್ಟು ಕಲ್ಲಿನಂತೆ ನಿಂತಿತು.

ಆಕೆ ಸ್ಕ್ರೂಡ್ರೈವರ್ ಹೊರಗೆಳೆದಳು. ಗಂಡನ ಕೊನೆಯ ಕೆಲಸ. ಹಾರ ಹಾಕಿ ಕೈಮುಗಿದವರೆಲ್ಲ ಇದನ್ನೇ ನೋಡುತ್ತಿದ್ದಾರೆ.

"ಏನಾಯ್ತು?" ಎಂದ ಚಿಕ್ಕಮಾರಯ್ಯ.

"ತಪ್ಪಾಗಿದೆ ಭಾವ."

"ಸತ್ತೋನ ಕೆಲಸ್ದಾಗೆ ತಪ್ಪು ಉಡುಕ್ತೀಯೇನಮ್ಮ? ಊರಿನೋರೆಲ್ಲ ಅವ್ರೆ. ಸುಮ್ಕೆ ಕೂರ್ಸು. ಇಪ್ಪತ್ತು ಮೈಲಿ ಇಲ್ಲ, ಓಗ್ತದೆ."

ಸೊಣ್ಣಮ್ಮ ಶಾಫ್ಟಿನಿಂದ ಕೈ ತೆಗೆದಳು. ಮೂವತ್ತು ವರ್ಷಗಳ ರೂಢಿಯಂತೆ ಮುಖ ತಾನಾಗಿಯೇ ಚಾಪೆಯ ಕಡೆ ತಿರುಗಿತು. "ರೀ," ಎಂದಳು, "ಬಿಚ್ರೀ."

ಸುರೇಶ ತುಟಿ ಕಚ್ಚಿಕೊಂಡು ಸ್ಪ್ಯಾನರ್ ಎತ್ತಿಕೊಂಡ.

ಮುಚ್ಚಳ ಬಿಚ್ಚಿದಾಗ ಎಲ್ಲವೂ ಇತ್ತು, ಒಂದು ಪಿನ್ನು ಇರಲಿಲ್ಲ. ಹುಣಸೆಬೀಜದಷ್ಟು ಗಾತ್ರದ್ದು. ಎರಡು ಗೇರುಗಳು ಒಟ್ಟಿಗೆ ಬೀಳದಂತೆ ತಡೆಯುವುದು ಅದೇ. ಬೆಂಚಿನ ಕೊನೆಯಲ್ಲಿದ್ದ ಸೀಮೆಎಣ್ಣೆಯ ತಟ್ಟೆಯ ತಳದಲ್ಲಿ ಸುರೇಶನ ಬೆರಳಿಗೆ ಸಿಕ್ಕಿತು.

"ಅಣ್ಣಂಗೆ ಅಷ್ಟೊತ್ಗೇ ಕಣ್ಣು ಕತ್ತಲೆ ಬಂದಿತ್ತೇನೋ," ಎಂದ.

"ಇಷ್ಟೇ ಇಷ್ಟು ಚಿಕ್ಕದಾ? ಇದಿಲ್ದಿದ್ರೆ ಏನಾಗೋದು?" ಎಂದ ಚಿಕ್ಕಮಾರಯ್ಯ.

"ಹೆಬ್ಬಾಳದ ಫ್ಲೈಓವರ್ ಮೇಲೆ ಚಕ್ರ ಕಚ್ಕೊಂಡು ಗಾಡಿ ಮಗುಚೋದು ಯಜಮಾನ್ರೆ. ಆಮೇಲೆ ಊರಲ್ಲಿ ತೋಡಿರೋ ಒಂದು ಗುಂಡಿ ಸಾಲ್ತಿರ್ಲಿಲ್ಲ," ಎಂದ ಸುರೇಶ.

ಚಿಕ್ಕಮಾರಯ್ಯ ತಮ್ಮನ ಮುಖವನ್ನೂ ಅವನ ಹೆಂಡತಿಯ ಕೈಗಳನ್ನೂ ನೋಡಿದ. ಬಿಳಿ ಪಂಚೆ ಎತ್ತಿ ಕಟ್ಟಿದ. ಪಿನ್ನು ಕೂರಿಸಿ ಮುಚ್ಚಳ ಬಿಗಿದ ಮೇಲೆ ಸೊಣ್ಣಮ್ಮ ಇನ್ನೊಮ್ಮೆ ಎಲ್ಲವನ್ನೂ ಮೊದಲಿನಿಂದ ನೋಡಿದಳು. ಈ ಸಲ ಒಂದು ಗೇರು ಬಿದ್ದಿರುವಾಗ ಇನ್ನೊಂದು ಜಪ್ಪಯ್ಯ ಅಂದರೂ ಒಳಗೆ ಹೋಗಲಿಲ್ಲ.

"ಆಗಲಿ," ಎಂದಳು.

ಚಿಕ್ಕಮಾರಯ್ಯ ವ್ಯಾನಿನ ಕೆಳಗೆ ಮಲಗಿ ಸುರೇಶನಿಗೆ ಭುಜ ಕೊಟ್ಟ. ಅನ್ವರ್ ಬೋಲ್ಟು ಎತ್ತಿ ಕೊಟ್ಟ. ಒಂದಾಯಿತು, ಎರಡಾಯಿತು, ಮೂರೂವರೆಯಾಯಿತು. ಜನ ಗಡಿಯಾರ ನೋಡುವರು, ಬಾನೆಟ್ ನೋಡುವರು. ಕೊನೆಗೆ ಎಂಜಿನ್ ಗುಡುಗಿ, ವ್ಯಾನು ಕಲ್ಲಿನಿಂದಿಳಿದು ಒಂದಾಳುದ್ದ ಮುಂದೆ, ಒಂದಾಳುದ್ದ ಹಿಂದೆ ಸರಿದಾಗ ಅನ್ವರ್ ಶಿಳ್ಳೆ ಹೊಡೆದೇಬಿಟ್ಟ. ಮರುಗಳಿಗೆ ನಾಚಿ ಬಾಯಿ ಮುಚ್ಚಿಕೊಂಡ.

"ಶಿಳ್ಳೆ ಒಡಿಯಪ್ಪ, ಒಡಿ," ಎಂದಳು ರತ್ನವ್ವ, ಮೂಗೊರೆಸಿಕೊಂಡು. "ನನ್ನ ಮೈದ್ನನ ಗಾಡಿ." ಆಮೇಲೆ ಸೊಣ್ಣಮ್ಮನ ರಟ್ಟೆ ಹಿಡಿದು ಮುಂದಿನ ಸೀಟಿನ ಕಡೆ ನಡೆಸಿದಳು. "ನೀನು ಇಲ್ಲಿ ಕೂತ್ಕೊ. ಸಬ್ದ ಕೇಳ್ಕೊಂಡು ಬಾ."

ಹೆಬ್ಬಾಳದ ಏರಿನಲ್ಲಿ ಸುರೇಶ ಗೇರು ಇಳಿಸಿದ, ಆಚೆಯ ರಸ್ತೆಯಲ್ಲಿ ಟಾಪಿಗೆ ಹಾಕಿದ. ಸೊಣ್ಣಮ್ಮನ ಪಾದದಡಿಯಲ್ಲಿ ಗಂಡನ ಕೆಲಸ ಸಣ್ಣಗೆ, ಒಂದೇ ಸಮನೆ ಹಾಡುತ್ತಿತ್ತು. ಯಲಹಂಕ ದಾಟಿತು. ಐದೂಕಾಲಿಗೆ ಚಿಕ್ಕಜಾಲ.

ಸೂರ್ಯ ಇನ್ನೂ ಒಂದು ಮಾರು ಮೇಲಿದ್ದ. ಹೊಲದಂಚಿನಲ್ಲಿ ಹಿರಿಯರ ಸಮಾಧಿಗಳ ಪಕ್ಕದಲ್ಲೇ ಚನ್ನಕೇಶವನನ್ನು ಇಳಿಸಿದರು. ಮೇಲೆ ವಿಮಾನವೊಂದು ಚಕ್ರ ಬಿಚ್ಚಿಕೊಂಡು ತಗ್ಗಿನಲ್ಲಿ ಹಾದುಹೋಯಿತು. ಚಿಕ್ಕಮಾರಯ್ಯ ಮಣ್ಣು ಹಾಕಿ ಸರಿದು, ಸೊಣ್ಣಮ್ಮನಿಗೆ ದಾರಿ ಬಿಟ್ಟ.

ಆಕೆ ಬಗ್ಗಿ ಬೊಗಸೆ ತುಂಬ ಕೆಂಪು ಮಣ್ಣು ತೆಗೆದುಕೊಂಡು, ಪಾದದ ಕಡೆಯಿಂದ ಮೆಲ್ಲಗೆ ಸುರಿದಳು.

"ವೆಂಕಟರಮಣಸ್ವಾಮಿ," ಎಂದಳು, "ನಮ್ಮೋರು ಸುಮ್ನೆ ಕೂರೋ ಮನುಷ್ಯ ಅಲ್ಲ. ಅಲ್ಲೂ ಏನಾದ್ರೂ ಬಿಚ್ಕೊಂಡು ಕೂತ್ಕೊಳ್ತಾರೆ. ಸ್ವಲ್ಪ ದಿನ ಕೈ ತೊಳ್ಸಿ, ನಿನ್ನ ಪಾದದ ನೆರಳಲ್ಲಿ ಮಲಗ್ಸು. ಆ ಜೀವಕ್ಕೆ ಶಾಂತಿ ಕೊಡು ತಂದೆ."