ಕತ್ತರಿಸದ ಹಿತ್ತಲು

ಯಂತ್ರ ಶುರುಮಾಡಲು ಆಳು ಹಗ್ಗಕ್ಕೆ ಕೈಹಾಕಿದ್ದ. ಸತ್ತವಳ ತಂಗಿ ಓಡಿಬಂದು ಹುಲ್ಲು ಕತ್ತರಿಸುವ ಅಲಗಿನ ಮೇಲೆ ಚಪ್ಪಲಿಗಾಲು ಊರಿ ನಿಂತಳು.

ಆಸ್ಪತ್ರೆ ಕ್ವಾರ್ಟರ್ಸಿನ ಕಾರ್ಯದರ್ಶಿ ಸಮಾಧಾನವಾಗಿಯೇ ವಿವರಿಸಿದ. ಮುಂದಿನ ಬೀದಿಯನ್ನು ಪೈಪಿಗಾಗಿ ಅಗೆದಿದ್ದಾರೆ, ಶವ ಹಿತ್ತಲಿನಿಂದಲೇ ಹೊರಡಬೇಕು, ಹಿತ್ತಲಲ್ಲಿ ನೋಡಿದರೆ ಎದೆಯೆತ್ತರದ ಒಣಕಡ್ಡಿ.

“ಅವರಿದ್ದಾಗ ಅವರ ಹಟಕ್ಕೆ ಸುಮ್ಮನಿದ್ವಿ. ಇನ್ನು ಯಾರಿಗೆ ಬೇಕಮ್ಮ ಈ ಕಸ?”

ಎಷ್ಟೋ ವರ್ಷ ತಂಗಿಯೂ ಅದನ್ನು ಕಸವೆಂದೇ ಕರೆದಿದ್ದಳು. ಕಾಲು ಮಾತ್ರ ತೆಗೆಯಲಿಲ್ಲ.

* * *

ಅಕ್ಕ ಮೂವತ್ತು ವರ್ಷ ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸುಬಟ್ಟೆಗಳಿಗೆ ಇಸ್ತ್ರಿ ಹಾಕಿದವಳು. ಎಲ್ಲರಿಗೂ ಇಸ್ತ್ರಿಯಕ್ಕ. ಬಟ್ಟೆಯಲ್ಲಿ ಒಂದು ಸುಕ್ಕನ್ನೂ ಸಹಿಸದವಳು ಹಿತ್ತಲನ್ನು ಮಾತ್ರ ಅದರ ಪಾಡಿಗೆ ಬಿಟ್ಟಿದ್ದಳು. ಚಳಿ ಹಿಂದೆಗೆಯುತ್ತಲೇ ಅಲ್ಲಿಗೆ ಬಿಳಿ ಚಿಟ್ಟೆಗಳು ಬರುತ್ತಿದ್ದವು. ಗಂಡುಗಳ ರೆಕ್ಕೆಯ ತುದಿ ಕಿತ್ತಳೆ ಬಣ್ಣದಲ್ಲಿ ಅದ್ದಿದಂತೆ. ಹೆಣ್ಣು ಒಂದು ಗಿಡಕ್ಕೆ ಒಂದೇ ಮೊಟ್ಟೆ ಇಡುತ್ತಿತ್ತು.

“ಎರಡಿಟ್ರೆ ಮರಿಗಳು ಒಂದನ್ನೊಂದು ತಿಂದ್ಬಿಡ್ತಾವೆ. ಥೇಟ್ ನಮ್ಮಿಬ್ಬರ ಹಾಗೆ,” ಎಂದು ಅಕ್ಕ ತಂಗಿಯನ್ನು ಕೆಣಕುತ್ತಿದ್ದಳು.

ಆಂಬುಲೆನ್ಸ್ ಓಡಿಸುತ್ತಿದ್ದ ಅಕ್ಕನ ಗಂಡ ಒಮ್ಮೆ ರಜೆಯ ದಿನ, ಹೆಂಡತಿ ಖುಷಿಪಡುತ್ತಾಳೆಂದು, ಹಿತ್ತಲನ್ನೆಲ್ಲ ಸವರಿ ಚೊಕ್ಕ ಮಾಡಿದ. ಸಂಜೆ ಅವಳು ಕಡ್ಡಿಯ ರಾಶಿಯಿಂದ ಮುಳ್ಳಿನಂಥದ್ದೊಂದನ್ನು ಹೆಕ್ಕಿ ಅವನ ಅಂಗೈಗಿಟ್ಟಳು. ಚಿಟ್ಟೆ ಹೊರಬರಬೇಕಿದ್ದ ಕೋಶ, ಜಜ್ಜಿಹೋಗಿತ್ತು.

“ಹತ್ತು ತಿಂಗಳು ಕಡ್ಡಿಗಂಟಿ ಕೂತಿರತ್ತೆ ಇದು. ನೀವು ಹತ್ತು ನಿಮಿಷದಲ್ಲಿ ಮುಗಿಸಿದ್ರಿ.”

ಮುಂದಿನ ವಸಂತದಲ್ಲಿ ಒಂದೂ ಬರಲಿಲ್ಲ. ಆಮೇಲೆ ಪ್ರತಿ ವರ್ಷ ಅವಳು ರೈಲುಹಳಿಯ ಪಕ್ಕದಿಂದ ಕೋಶವಿದ್ದ ಕಡ್ಡಿಗಳನ್ನು ಹುಡುಕಿ ತಂದು ಹಿತ್ತಲಲ್ಲಿ ನೆಟ್ಟಳು. ನಾಲ್ಕನೆಯ ವರ್ಷ ಒಂದು ಚಿಟ್ಟೆ ಹಾರಿತು. ಹಿತ್ತಲು ಸ್ವಚ್ಛಗೊಳಿಸಬೇಕೆಂದು ಕಚೇರಿಯಿಂದ ನೋಟೀಸು ಬಂದಾಗ, ಅದಕ್ಕೆ ಇಸ್ತ್ರಿ ಹಾಕಿ, ಸುಕ್ಕು ತೆಗೆದು, ಎಲ್ಲರಿಗೂ ಕಾಣುವಂತೆ ಬಾಗಿಲಿಗೆ ಅಂಟಿಸಿದಳು. ಎರಡನೆಯದಕ್ಕೂ ಅದೇ ಮರ್ಯಾದೆ. ಮೂರನೆಯದು ಬರಲಿಲ್ಲ.

* * *

ಅಕ್ಕನ ಗಂಡ ಬರಿಗಾಲಲ್ಲೇ ಹೊರಗೆ ಬಂದ. ಇವರಿಗಾದರೂ ಅರ್ಥವಾದೀತೆಂದು ಕಾರ್ಯದರ್ಶಿ ಎಲ್ಲವನ್ನೂ ಮತ್ತೆ ಮೊದಲಿನಿಂದ ಹೇಳಿದ. ಮುದುಕ ಪೂರ್ತಿ ಕೇಳಿಸಿಕೊಂಡ.

“ಒಂದು ಸಲ ನಾನೇ ಕತ್ತರಿಸಿದ್ದೆ. ಅಷ್ಟು ಸಾಕು.”

“ಮತ್ತೆ ಹೆಣ ಹೇಗೆ ಒಯ್ತೀರಿ?”

“ಕಡ್ಡಿಗಳ ಮೇಲಿಂದ, ಕೈ ಎತ್ತಿ ಒಯ್ತೀವಿ.”

ಸಾವಿಗೆ ಬಂದಿದ್ದ ಲಾಂಡ್ರಿಯ ಹೆಂಗಸರು ಆರು ಜನ ಶವವಿದ್ದ ಸ್ಟ್ರೆಚರನ್ನು ತಲೆಗಿಂತ ಮೇಲಕ್ಕೆತ್ತಿದರು. ತಂಗಿ ಅಲಗಿನಿಂದ ಕಾಲು ತೆಗೆದು ಕಡ್ಡಿಗಳ ನಡುವಿನ ಕಾಲ್ದಾರಿಗಿಳಿದಳು. ಮುಂದೆ ಗಂಡ ಹಿಮ್ಮುಖವಾಗಿ ನಡೆಯುತ್ತ, ಒಂದೊಂದೇ ಕಡ್ಡಿಯನ್ನು ಎರಡು ಬೆರಳಲ್ಲಿ ಸರಿಸುತ್ತಿದ್ದ. ಅರ್ಧ ದಾರಿಯಲ್ಲಿ ಒಬ್ಬಳ ಕೈ ಸೋತು ಹಿಂದಿನ ಮೂಲೆ ವಾಲಿತು.

ಕಾರ್ಯದರ್ಶಿ ಯಂತ್ರದ ಕಡೆ ನೋಡಿದ, ಸ್ಟ್ರೆಚರಿನ ಕಡೆ ನೋಡಿದ. ಅಂಗಿಯ ತೋಳು ಮಡಚಿಕೊಂಡು ಹೋಗಿ ಆ ಮೂಲೆಯನ್ನು ಎತ್ತಿ ಹಿಡಿದ. ಕುಳ್ಳ ಮನುಷ್ಯ. ಎರಡೂ ಕೈ ಮೇಲಕ್ಕೆ ಚಾಚಿ, ಗೇಟು ಮುಟ್ಟುವವರೆಗೂ ತುದಿಗಾಲಲ್ಲೇ ನಡೆದ.