ಎಡೆಯ ಸಾರಿಗೆ ಉಪ್ಪು

ಬೆಂದ ತೊಗರಿಬೇಳೆ ಬಸಿದ ಕಟ್ಟಿನ ನೀರಿಗೆ ಹುರಿದ ಧನಿಯ, ಕೊಬ್ಬರಿ ಅರೆದು ಹಾಕಿ, ಅದು ಒಲೆಯ ಮೇಲೆ ಮೊದಲ ಸಲ ಉಕ್ಕಿ ಬರುವಾಗಿನ ವಾಸನೆ ಹುಚ್ಚಮ್ಮನಿಗೆ ಏಳನೆಯ ವಯಸ್ಸಿನಿಂದ ಗೊತ್ತು. "ಹಿರಿಯರಿಗೆ ಎಡೆ ಇಡೋದನ್ನ ಮುಂಚೆ ನಾಲಿಗೆಗೆ ಸೋಕಿಸ್ಬಾರ್ದು. ಮೂಗಿಗೆ ಎಂಜಲಿಲ್ಲ, ಮೂಸಿ ಉಪ್ಪು ತಿಳ್ಕೊ" ಎಂದು ಅವ್ವ ಅವಳ ಮುಖವನ್ನು ಹಬೆಯ ಮುಂದೆ ಹಿಡಿದಿದ್ದಳು. ಅಂದಿನಿಂದ ಆ ಮೂಗು ತಪ್ಪಿರಲಿಲ್ಲ. ಅಜ್ಜಂಪುರದ ಅವರ ಬೀದಿಯಲ್ಲಿ ಯಾರ ಮನೆಯ ಎಡೆಯಾದರೂ ಸಾರು ಹುಚ್ಚಮ್ಮನದೇ.

ಕೊರೋನಾ ಬಂದು ಹೋದ ಮೇಲೆ ಅದು ಮುಗಿಯಿತು. ಕೆಮ್ಮು, ಜ್ವರ ಹದಿನೈದು ದಿನಕ್ಕೆ ಬಿಟ್ಟವು. ವಾಸನೆ ವರ್ಷ ಕಳೆದರೂ ತಿರುಗಿ ಬರಲಿಲ್ಲ. ಜೊತೆಗೆ ಮರೆವು. ಹಾಲು ಒಲೆಗಿಟ್ಟು ಮರೆಯುವಳು, ಗೊತ್ತಿರುವವರ ಹೆಸರಿಗೇ ತಡಕಾಡುವಳು, ಬೆಳಗ್ಗೆ ಏಳುವಾಗಲೇ ದಣಿದಿರುವಳು. "ಬರೀ ಮೂಗಿನದಲ್ಲಮ್ಮ, ಆ ಕಾಯಿಲೆ ತಲೆಗೂ ಪೆಟ್ಟು ಕೊಟ್ಟಿದೆ. ನಿಧಾನಕ್ಕೆ ಬರಬಹುದು, ಬರದೇನೂ ಇರಬಹುದು" ಎಂದಿದ್ದರು ತರೀಕೆರೆಯ ಡಾಕ್ಟರು. ಅವಳು ಯಾರಿಗೂ ಹೇಳಲಿಲ್ಲ. ಹೇಳಿದರೆ ಸೌಟು ಬೇರೆಯವರ ಕೈಗೆ ಹೋಗುತ್ತಿತ್ತು.

ಈವತ್ತು ಗೆಳತಿ ಸುಲೋಚನಮ್ಮನ ಮನೆಯಲ್ಲಿ, ಅವಳ ಗಂಡ ರೇವಣಪ್ಪನ ವರ್ಷದ ಎಡೆ. ಸಾರು ಕುದಿಯುತ್ತಿತ್ತು. ಉಪ್ಪು ಹಾಕಿದೆನೋ, ಇಲ್ಲವೋ? ಹುಚ್ಚಮ್ಮ ಬಗ್ಗಿ ಮೂಸಿದಳು. ಬರಿಯ ಬಿಸಿ. ಪಕ್ಕದಲ್ಲಿ ಹೋಳಿಗೆ ತಟ್ಟುತ್ತಿದ್ದ ಸುಲೋಚನಮ್ಮನ ಸೊಸೆ ಮಾಲಿನಿಯನ್ನು ಕೇಳಬಹುದಿತ್ತು. ಒಂದು ಹಿಡಿ ಕಲ್ಲುಪ್ಪು ಹಾಕಿದಳು. ಮಾಲಿನಿಯ ಕೈ ಒಂದು ಗಳಿಗೆ ನಿಂತು, ಮತ್ತೆ ತಟ್ಟತೊಡಗಿತು.

ಎಡೆಯಿಟ್ಟು ಕರ್ಪೂರ ಬೆಳಗಿದ ಮೇಲೆ ನೆಂಟರು ಊಟಕ್ಕೆ ಕೂತರು. ರೇವಣಪ್ಪನ ತಮ್ಮ ಅಂಜಿನಪ್ಪ ಮೊದಲ ತುತ್ತಿಗೇ ತಡೆದು, ಇನ್ನಷ್ಟು ಅನ್ನ ಕಲಸಿಕೊಂಡ.

"ಬಿಪಿ ಅಂತ ಅಣ್ಣಂಗೆ ಆರು ವರ್ಷ ಉಪ್ಪು ಬಿಡಿಸಿದ್ರಲ್ಲ ಅತ್ಗೆ, ಇವತ್ತು ಬಾಕಿ ಎಲ್ಲಾ ಒಟ್ಟಿಗೆ ಉಂಡ ಬಿಡಿ."

ಎಲ್ಲರೂ ನಕ್ಕರು. ಯಾರೂ ಎಲೆಯಲ್ಲಿ ಸಾರು ಬಿಡಲಿಲ್ಲ. ನೀರಿನ ಚೊಂಬು ಮಾತ್ರ ಸಾಲಿನ ಆ ತುದಿಗೂ ಈ ತುದಿಗೂ ಓಡಾಡಿತು. ಬಾಗಿಲಲ್ಲಿ ನಿಂತ ಹುಚ್ಚಮ್ಮ ಆ ಚೊಂಬನ್ನೇ ನೋಡುತ್ತಿದ್ದಳು.

ಆಮೇಲೆ ಹಿತ್ತಲ ಕಟ್ಟೆಯ ಮೇಲೆ ಕೂತು ಸುಲೋಚನಮ್ಮನಿಗೆ ಹೇಳಿದಳು: "ವಾಸ್ನೆ ಹೋಗಿ ವರ್ಷ ಆಯ್ತು ಕಣೇ. ತಲೇಲೂ ಏನೂ ನಿಲ್ಲಲ್ಲ. ಬರೋ ವರ್ಷ ಬೇರೇರನ್ನ ಕರ್ಕೊ."

"ಮೊದ್ಲೇ ಹೇಳೋಕೇನಾಗಿತ್ತು ನಿಂಗೆ?"

"ಹೇಳಿದ್ರೆ ಕರೀತಿದ್ಯಾ?"

ಸುಲೋಚನಮ್ಮ ಸೆರಗು ಸರಿಸಿಕೊಂಡು ಪಕ್ಕದಲ್ಲೇ ಕೂತಳು.

ಹಿಂದೆ ಮಾಲಿನಿ ಬಂದು ನಿಂತಿದ್ದಳು. "ನೀವು ಎರಡ್ನೇ ಸಲ ಹಾಕಿದ್ದು ನೋಡ್ದೆ ದೊಡ್ಡಮ್ಮ. ದೊಡ್ಡೋರಿಗೆ ಹೆಂಗೆ ಹೇಳೋದು ಅಂತ ಸುಮ್ನಾದೆ. ಬರೋ ವರ್ಷ ಕೇಳ್ಬಿಡಿ, ನಾನು ಪಕ್ಕದಲ್ಲೇ ಇರ್ತೀನಿ."

ಮಾಲಿನಿ ಒಳಗೆ ಹೋಗಿ ಬಂದಳು. ಮಜ್ಜಿಗೆ ಕಲಸಿದ ಅನ್ನ, ತುಪ್ಪ ಸವರಿದ ಒಂದು ಹೋಳಿಗೆ ಇದ್ದ ತಟ್ಟೆಯನ್ನು ಹುಚ್ಚಮ್ಮನ ಎರಡೂ ಕೈಗೆ ಕೊಟ್ಟಳು.